ತುಂಡಿನ ಮೇಲಿನ ನಂಬರ್ ಪೈಲಟ್ ಹೆಸರು ಹೇಳಲ್ಲ

ಎರಡನೇ ಮಹಾಯುದ್ಧದ ವಿಮಾನದ ಚೂರಿನ ಮೇಲೆ ನಂಬರ್ ಸಿಕ್ತು, ಹಾಗಾಗಿ ಪೈಲಟ್ ಯಾರಂತ ಗೊತ್ತಾಯ್ತು ಅನ್ನೋ ಫಾರ್ವರ್ಡ್ ಬರ್ತಾನೇ ಇರತ್ತೆ. ಕಳಿಸೋರು ಗೌರವದಿಂದಲೇ ಕಳಿಸ್ತಾರೆ, ಆದ್ರೆ ಅದು ಅಷ್ಟು ಸುಲಭ ಅಲ್ಲ. ಚೂರುಗಳ ಮೇಲಿರೋದು ಹೆಚ್ಚಾಗಿ ಪಾರ್ಟ್ ನಂಬರ್, ಅದೇ ನಂಬರ್ ಸಾವಿರಾರು ವಿಮಾನಗಳಲ್ಲಿ ಇರತ್ತೆ, ಮಾಡೆಲ್ ಗೊತ್ತಾಗಬಹುದು ಅಷ್ಟೆ. ಎಂಜಿನ್ ಯಾವ್ದು ಅಂತ ಗೊತ್ತಾದ್ರೂ ಸಾಲಲ್ಲ, ಮರ್ಲಿನ್ ಎಂಜಿನ್ ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್ ಮೂರೂ ಮಾಡೆಲ್ ವಿಮಾನಗಳಲ್ಲಿ ಇತ್ತು. ಎಂಜಿನ್ನಿನ ಸೀರಿಯಲ್ ನಂಬರೇ (ಒಂದೊಂದಕ್ಕೂ ಬೇರೆಬೇರೆ ಇರೋ ನಂಬರ್) ಬೇರೆ, ಏರ್‌ಫ್ರೇಮಿನದೇ, ಅಂದ್ರೆ ವಿಮಾನದ ಒಡಲಿನದೇ ಬೇರೆ, ಅದೂ ಅಲ್ದೆ ಸರ್ವಿಸ್‌ನಲ್ಲಿ ಎಂಜಿನ್ ಬದಲಾಗ್ತಿತ್ತು, ಅದಕ್ಕೇ ಆ ಎಂಜಿನ್ ಕೊನೆಗೆ ಯಾವ ವಿಮಾನದಲ್ಲಿತ್ತು ಅನ್ನೋ ದಾಖಲೆ ಮುಖ್ಯ. ಅಮೆರಿಕದ ವಿಮಾನ ಆದ್ರೆ 1943ರಿಂದ ಬರೆದಿಟ್ಟ ‘ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್’ಗಳಲ್ಲಿ (ಕಾಣೆಯಾದ ವಿಮಾನ ಸಿಬ್ಬಂದಿಯ ವರದಿ) ಎಂಜಿನ್, ಮೆಷಿನ್ ಗನ್‌ಗಳ ಸೀರಿಯಲ್ ನಂಬರ್ ಹಾಕೋ ಜಾಗ ಇದೆ, ಎಷ್ಟೋ ರಿಪೋರ್ಟ್ ಆನ್‌ಲೈನಲ್ಲೇ ಸಿಗತ್ತೆ, ನಂಬರ್, ಜಾಗ, ತಾರೀಖು ಮೂರೂ ಹೋಲಿಸಿ ನೋಡಿ.