ಗುಂಡಿ ಕಾಣಲಿಲ್ಲಪ್ಪ

ಪತ್ತೇದಾರಿ ಕಾದಂಬರಿಯಲ್ಲಿ ಸುಳಿವು ತಪ್ಪಿಹೋದರೆ ನಾಲ್ಕು ಪುಟ ಹಿಂದಕ್ಕೆ ತಿರುವಬಹುದು. ನಾಟಕದಲ್ಲಿ ಆಗಲ್ಲ. ಕಾಣಲಿಲ್ಲ ಅಂದ್ರೆ ಹೋಯ್ತು.

ಇದು ತಲೆಗೆ ಹತ್ತಿದ್ದು ದಾವಣಗೆರೆಯಲ್ಲಿ ಎಂ.ಎ. ಓದುವಾಗ. ಏಳು ಜನ ಸೇರಿ ಒಂದು ಕೊಲೆ ನಾಟಕ ಬರೆದಿದ್ದೆವು. ಕೊಲೆಗಾರನ ಅಂಗಿಯಲ್ಲಿ ಒಂದು ಗುಂಡಿ ಇರಲ್ಲ, ಅದೇ ಸುಳಿವು. ಭಾರಿ ಬುದ್ಧಿವಂತಿಕೆ ಅಂದುಕೊಂಡಿದ್ದೆವು. ತಾಲೀಮಿಗೆ ಬಂದ ಮೇಷ್ಟ್ರು ಸೀದಾ ಕೊನೆ ಸಾಲಿಗೆ ಹೋಗಿ ಕೂತರು. ಮುಗಿದ ಮೇಲೆ ಒಂದೇ ಮಾತು: "ಗುಂಡಿ ಕಾಣಲಿಲ್ಲಪ್ಪ." ಏನು ಮಾಡಬೇಕು ಅಂತ ಹೇಳಲಿಲ್ಲ.

ಮರುದಿನ ಗುಂಡಿ ಬಿಟ್ಟು ಕೊಡೆ ತಂದೆವು. ಮಳೆ ಶುರುವಾದ ಮೇಲೆ ಕೊಲೆ, ಆದರೆ ತಾನು ಮನೆಯಿಂದ ಹೊರಗೇ ಹೋಗಿಲ್ಲ ಅನ್ನುವವನ ಕೊಡೆ ಒದ್ದೆ. ಮತ್ತೆ ಅದೇ ಕುರ್ಚಿಯಲ್ಲಿ ಮೇಷ್ಟ್ರು. "ಈಗ ಬರೀ ಕೊಡೆನೇ ಕಾಣ್ತದೆ!" ನರ್ಗಿಸ್ ಮಂಡಕ್ಕಿ ತಿನ್ನುತ್ತಾ ರಾತ್ರಿ ಒಂಬತ್ತರವರೆಗೆ ಜಗಳ ಆಡಿದೆವು. ಕೊನೆಗೆ ರಂಗದ ಮೇಲೆ ನಾಲ್ಕು ಕೊಡೆ ಇಟ್ಟೆವು. ಮೂರು ಮಡಚಿದ್ದು, ಒಂದು ಒಣಗಲು ಬಿಚ್ಚಿಟ್ಟಿದ್ದು. ಅದರ ಬಗ್ಗೆ ಯಾರೂ ಒಂದು ಮಾತೂ ಆಡುವಂತಿಲ್ಲ. ಆವತ್ತು ಮೇಷ್ಟ್ರು ಏನೂ ಅನ್ನದೆ ಎದ್ದು ಹೋದರು.

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' 1952ರಿಂದ ನಡೆಯುತ್ತಿದೆ, ಮಧ್ಯೆ ಕೋವಿಡ್‌ನಲ್ಲಿ ಮಾತ್ರ ನಿಂತಿತ್ತು. ಕೊಲೆಗಾರ ಯಾರು ಅಂತ ಹೊರಗೆ ಹೇಳಬೇಡಿ ಅಂತ ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾರಂತೆ. ನಮ್ಮಲ್ಲಿ ನಡೆಯುತ್ತಾ ಅದು? ರಂಗನಟಿ ಚಿಂದೋಡಿ ಲೀಲಾ ಅವರ ಊರು ಇದು, ಕಂಪನಿ ನಾಟಕ ನೋಡಿ ಪಳಗಿದ ಜನ. ನಾಟಕದ ದಿನ ನಮ್ಮ ಪತ್ತೇದಾರ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಒಬ್ಬರು ಕೂಗಿದರು: "ಲೇ, ಆ ಕೊಡೆ ನೋಡ್ರಲೇ!" ನಮ್ಮ ಮುಖ ಸಪ್ಪಗಾಯಿತು. ಮೇಷ್ಟ್ರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆ ಸಾಲಿಗೂ ಕಂಡಿತ್ತಲ್ವಾ!

ಈಗ ಕಾಲೇಜುಗಳಲ್ಲಿ ಮೆಂಟರ್, ಅಂದ್ರೆ ವಿದ್ಯಾರ್ಥಿಗಳಿಗೆ ದಾರಿ ತೋರುವ ಮೇಷ್ಟ್ರುಗಳ ಪಟ್ಟಿ ಇದೆ. ಒಬ್ಬ ಮೆಂಟರ್‌ಗೆ ಎಷ್ಟು ವಿದ್ಯಾರ್ಥಿಗಳು ಅಂತ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಲೆಕ್ಕ ಕೇಳುತ್ತಾರೆ. ಪಿಎಚ್‌.ಡಿ.ಗೂ ಅಷ್ಟೇ. 2022ರ ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಸಲಕ್ಕೆ ಎಂಟು ಜನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಒಳ್ಳೇದೇ, ಬೇಡ ಅನ್ನಲ್ಲ. ಆದರೆ ಸಂಜೆ ಬಂದು ಕೊನೆ ಸಾಲಿನಲ್ಲಿ ಕೂರೋದು ಯಾವ ಕಾಲಮ್ಮಿನಲ್ಲಿ ಬರುತ್ತದೆ? ನಮ್ಮ ಮೇಷ್ಟ್ರು ಅತಿಥಿ ಉಪನ್ಯಾಸಕರು. ಅವರಿಗೆ ದುಡ್ಡು ಸಿಗುತ್ತಿದ್ದದ್ದು ಪಾಠ ಮಾಡಿದ ಗಂಟೆಗೆ ಮಾತ್ರ. ಆ ಸಂಜೆಗಳಿಗೆ ಯಾರೂ ಒಂದು ಪೈಸೆ ಕೊಟ್ಟಿಲ್ಲ.

ಮುಂದಿನ ವರ್ಷ ಅವರಿಗೆ ಅಲ್ಲಿ ಕ್ಲಾಸೇ ಸಿಗಲಿಲ್ಲ. ಹೊಸ ನಾಟಕ ಬರೆದುಕೊಂಡು ಡಿಪಾರ್ಟ್‌ಮೆಂಟಿಗೆ ಹೋದಾಗಲೇ ನಮಗೆ ಗೊತ್ತಾಗಿದ್ದು.