ಲೋಳೆಮೀನಿನ ಎನ್‌ಕೌಂಟರ್

ಪತ್ತೇದಾರ ಷರ್ಲಾಕ್ ಹೋಮ್ಸ್ ನಮ್ಮ ಕಾರವಾರದವನಾಗಿದ್ದರೆ 1926ರ 'ಲಯನ್ಸ್ ಮೇನ್' ಕತೆ ಒಂದೇ ಪ್ಯಾರಾದಲ್ಲಿ ಮುಗಿಯುತ್ತಿತ್ತು.

ಕತೆ ಇಷ್ಟು. ನಿವೃತ್ತನಾದ ಹೋಮ್ಸ್ ಇಂಗ್ಲೆಂಡಿನ ಸಸೆಕ್ಸ್ ಕಡಲ ಪಕ್ಕ ಜೇನು ಸಾಕುತ್ತಿದ್ದಾನೆ. ಬೆಳಿಗ್ಗೆ ಈಜಲು ಹೋದ ಮೇಷ್ಟ್ರೊಬ್ಬರು ತೂರಾಡುತ್ತಾ ಬಂದು, ಬಿದ್ದು ಸಾಯುತ್ತಾರೆ. ಬೆನ್ನ ತುಂಬ ಚಾಟಿಯೇಟಿನಂಥ ಕೆಂಪು ಬರೆ. ಕಾರವಾರದ ಬೈತಕೋಲ ಬಂದರಿನಲ್ಲಿ ಬಲೆ ಸರಿಮಾಡುತ್ತಾ ಕೂತವರನ್ನು ಕೇಳಿ. ತಲೆ ಎತ್ತದೆ ಹೇಳುತ್ತಾರೆ, 'ಲೋಳೆಮೀನು ತಾಗಿದೆ.' ಅದೇ, ಜೆಲ್ಲಿಫಿಶ್.

ಹೋಮ್ಸ್ ಏನು ಮಾಡುತ್ತಾನೆ? ಟವೆಲ್ ಒದ್ದೆಯಾಗಿಲ್ಲ, ಹಾಗಾಗಿ ಸತ್ತವನು ನೀರಿಗೇ ಇಳಿದಿಲ್ಲ ಅಂದುಕೊಳ್ಳುತ್ತಾನೆ. ಮೈ ಉರಿದು ಓಡಿಬಂದವನು ನಿಂತು ತಲೆ ಒರೆಸಿಕೊಳ್ತಾನಾ ಸ್ವಾಮಿ? ಆಮೇಲೆ ಗಣಿತದ ಮೇಷ್ಟ್ರ ಮೇಲೆ ಅನುಮಾನ. ನಡುವೆ ಒಂದು ಪ್ರೇಮ ಪ್ರಕರಣ. ಅದೇ ಜಾಗದಲ್ಲಿ ನಾಯಿಯೂ ಸಾಯುತ್ತದೆ. ವಾರ ಕಳೆಯುತ್ತದೆ. ಮನೆಯಿಂದಲೇ ಸಮುದ್ರ ಕಾಣುತ್ತಿದೆ, ಇವನು ಅಟ್ಟ ಹತ್ತಿ ಪುಸ್ತಕ ಹುಡುಕುತ್ತಾನೆ!

(ಸಸ್ಪೆನ್ಸ್ ಹಾಳು ಮಾಡಿದೆ ಅಂತ ಬೈಯಬೇಡಿ. ನೂರು ವರ್ಷದ ಹಿಂದಿನ ಕೊಲೆಗಾರನನ್ನು ಇನ್ನೂ ಬಚ್ಚಿಡಬೇಕಾ?)

ಕೊನೆಗೆ ಆರೋಪಿ ನೀರಲ್ಲಿ ಸಿಗುತ್ತದೆ. ಹೋಮ್ಸ್ ಬಂಡೆ ಉರುಳಿಸಿ ಅಲ್ಲೇ ಮುಗಿಸುತ್ತಾನೆ. ಬಂಧನವಿಲ್ಲ, ಪಂಚನಾಮೆಯಿಲ್ಲ, ಇನ್ಸ್‌ಪೆಕ್ಟರ್ ಪಕ್ಕದಲ್ಲೇ ನಿಂತಿದ್ದಾರೆ. ಅಪ್ಪಟ ಎನ್‌ಕೌಂಟರ್.

ತಪ್ಪು ಪೂರ್ತಿ ಅವನದಲ್ಲ ಬಿಡಿ. ಬರೆದೂ ಬರೆದೂ ಬೇಸತ್ತ ಕಾನನ್ ಡಾಯ್ಲ್ 1893ರಲ್ಲೇ ಅವನನ್ನು ಸ್ವಿಟ್ಜರ್ಲೆಂಡಿನ ಜಲಪಾತಕ್ಕೆ ಹಾಕಿ ಕೈ ತೊಳೆದುಕೊಂಡಿದ್ದರು. ಓದುಗರು ಬಿಡಬೇಕಲ್ಲ! ಗೋಳಾಡಿದರು, ಪತ್ರ ಬರೆದರು. 1903ರಲ್ಲಿ ಸತ್ತವನು ಎದ್ದು ಬಂದ. ನಮ್ಮ ಉಂಚಳ್ಳಿ ಜಲಪಾತಕ್ಕೆ ತಳ್ಳಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ.

ಜಲಪಾತದ ಅಂಚಿನಲ್ಲಿ ಅವನೆದುರು ನಿಂತಿದ್ದವನು ಮೊರಿಯಾರ್ಟಿ, ಗಣಿತದ ಪ್ರೊಫೆಸರ್, ಮಹಾ ಬುದ್ಧಿವಂತ. ಈಗಿನ ಎದುರಾಳಿಗೆ ಮೆದುಳೇ ಇಲ್ಲ. ತಮಾಷೆಗೆ ಹೇಳ್ತಿಲ್ಲ, ಲೋಳೆಮೀನಿಗೆ ನಿಜಕ್ಕೂ ಮೆದುಳಿಲ್ಲ. ಆದರೂ ಜಗತ್ತಿನ ಅತಿ ಚುರುಕು ಮೆದುಳನ್ನು ವಾರಕ್ಕಿಂತ ಜಾಸ್ತಿ ಆಟ ಆಡಿಸಿತು.

'ಪಾಪ, ವಯಸ್ಸಾಗಿತ್ತು' ಎನ್ನುವ ಅಭಿಮಾನಿಗಳು ಶಿರಸಿಯಲ್ಲೂ ಇದ್ದಾರೆ. ವಯಸ್ಸಾದರೆ ಸುಮ್ನೆ ಜೇನುಪೆಟ್ಟಿಗೆ ನೋಡಿಕೊಂಡು ಇರಬಹುದಿತ್ತು, ಅಲ್ವಾ? ಶಿರಸಿ ಕಡೆ ಎಷ್ಟೋ ಜನ ಹಾಗೇ ಇದ್ದಾರೆ, ಯಾರ ಕೇಸಿಗೂ ತಲೆ ಹಾಕದೆ.

ಸರಣಿ ನಿಂತಿದ್ದು 1927ರಲ್ಲಿ, 4 ಕಾದಂಬರಿ ಮತ್ತು 56 ಕತೆ ಆದಮೇಲೆ. ಇನ್ನೊಂದೆರಡು ವರ್ಷ ಎಳೆದಿದ್ದರೆ ಆ ಜೇನುಹುಳಗಳ ಮೇಲೂ ಕೊಲೆ ಕೇಸು ಬೀಳುತ್ತಿತ್ತು.