ಹೆಡ್‌ಫೋನ್ ಕೆಟ್ಟಿರಲಿಲ್ಲ

2018ರ ಸೆಪ್ಟೆಂಬರ್. 'ಲೋ' ಬ್ಯಾಂಡಿನ ಹೊಸ ಆಲ್ಬಂ 'ಡಬಲ್ ನೆಗೆಟಿವ್' ಹಾಕಿಕೊಂಡು ಕೂತೆ. (ಕನ್ನಡದಲ್ಲಿ ಬರೆದರೆ ಯಾರನ್ನೋ ಕೂಗಿದ ಹಾಗಿದೆ, ಏನು ಮಾಡೋಣ, ಬ್ಯಾಂಡಿನ ಹೆಸರೇ ಅದು.) ಅರ್ಧ ನಿಮಿಷಕ್ಕೇ ವೈರು ಅಲ್ಲಾಡಿಸಿದೆ. ಪಿನ್ನು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಅದೇ ಗರಗರ. ಫೋನಿನ ಸ್ಪೀಕರಿನಲ್ಲಿ ಹಾಕಿದ ಮೇಲೇ ಗೊತ್ತಾಗಿದ್ದು, ಹಾಡು ಇರೋದೇ ಹಾಗೆ.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನಾನು ಮೆಚ್ಚಿದ್ದ ಲೋ ಬೇರೆ. ಅಮೆರಿಕದ ಮಿನ್ನೆಸೋಟಾದ ಡುಲೂತ್ ಊರಿನ ಗಂಡ ಹೆಂಡತಿ, ಅಲನ್ ಸ್ಪಾರ್‌ಹಾಕ್ ಮತ್ತು ಮಿಮಿ ಪಾರ್ಕರ್. ಜೊತೆಗೊಬ್ಬ ಬೇಸ್ ಗಿಟಾರ್ ನುಡಿಸುವವನು. ಆ ಮೂರನೇ ಜಾಗದಲ್ಲಿ ಆಗಾಗ ಜನ ಬದಲಾಗುತ್ತಿದ್ದರು, ಈ ಆಲ್ಬಂ ಹೊತ್ತಿಗೆ ಸ್ಟೀವ್ ಗ್ಯಾರಿಂಗ್ಟನ್ ಇದ್ದರು. ಮಿಮಿ ನಿಂತುಕೊಂಡೇ ಡ್ರಮ್ ಬಾರಿಸುತ್ತಿದ್ದರು. ಒಂದೆರಡು ಡ್ರಮ್, ಒಂದು ಸಿಂಬಲ್, ಬಹುಪಾಲು ಕೋಲಿನ ಬದಲು ಬ್ರಷ್. ಅಷ್ಟೇ ಸಾಮಾನು. ಎರಡು ಪೆಟ್ಟಿನ ನಡುವೆ ಒಂದು ಗುಟುಕು ಕಾಫಿ ಕುಡಿಯಬಹುದು, ಅಷ್ಟು ನಿಧಾನ.

'ಬ್ಯಾಂಡ್ ಬದಲಾಗಿಬಿಟ್ಟಿತು' ಅಂತ ಗೆಳೆಯರ ಹತ್ತಿರ ಗೊಣಗಿದೆ. ಹತ್ತಾರು ಸಲ ಕೇಳಿದ ಮೇಲೆ ಆ ಮಾತು ವಾಪಸ್ ತಗೊಂಡೆ. 1993ರಲ್ಲಿ ಇವರು ಶುರು ಮಾಡಿದಾಗ ಎಲ್ಲ ಕಡೆ ಗ್ರಂಜ್ ಅನ್ನೋ ಗದ್ದಲದ ರಾಕ್ ಸಂಗೀತ, ಗಿಟಾರಿನ ಅಬ್ಬರ. ಅಂಥ ಕ್ಲಬ್ಬುಗಳಲ್ಲಿ ಇವರು ಪಿಸುಗುಟ್ಟಿದರು. ಎದುರಿಗಿದ್ದವರು ಗಲಾಟೆ ಮಾಡಿದರೆ ಇನ್ನೂ ಮೆಲ್ಲಗೆ ನುಡಿಸುತ್ತಿದ್ದರು. 25 ವರ್ಷ ಕಳೆಯುವಷ್ಟರಲ್ಲಿ ಮೆಲುದನಿಯ ಹಾಡು ಎಲ್ಲರಿಗೂ ಒಗ್ಗಿಹೋಗಿತ್ತು, ಕಾಫಿ ಅಂಗಡಿಯಲ್ಲೂ ಅದೇ. ಆಗ ಇವರು ಗದ್ದಲದ ಕಡೆ ತಿರುಗಿದರು. ಅದೇ ಹಳೇ ಹಠ ಅಲ್ವಾ ಇದು?

ಸುಮ್ನೆ ಗದ್ದಲವೂ ಅಲ್ಲ. ನಿರ್ಮಾಪಕ ಬಿ.ಜೆ. ಬರ್ಟನ್ ಜೊತೆ ವಿಸ್ಕಾನ್ಸಿನ್ನಿನ ಸ್ಟುಡಿಯೋದಲ್ಲಿ ಕೂತು ಮಾಡಿದ್ದು. ಮೊದಲ ಹಾಡು 'ಕೋರಂ' ಕೇಳಿ. ಧಡ್ ಅಂತ ಒಂದೊಂದು ಪೆಟ್ಟು ಬಿದ್ದಾಗಲೂ ದನಿ ಒಳಗೆ ಮುಳುಗುತ್ತದೆ, ಮತ್ತೆ ಮೇಲೆ ಬಂದು ಉಸಿರು ತಗೊಳ್ಳುತ್ತದೆ. ಇಬ್ಬರೂ ಒಟ್ಟಿಗೆ ಹಾಡುತ್ತಿದ್ದಾರೆ, ಆದರೆ ಸಿಗದ ಸ್ಟೇಷನ್ನಿಗೆ ರೇಡಿಯೋ ತಿರುಗಿಸಿದ ಹಾಗೆ ಅಲ್ಲೊಂದು ಚೂರು ಇಲ್ಲೊಂದು ಚೂರು ಕಿವಿಗೆ ಬೀಳುತ್ತದೆ. ಎರಡು ಹಾಡು ಹೀಗೆ ಒದ್ದಾಡಿಸಿದ ಮೇಲೆ 'ಫ್ಲೈ' ಬರುತ್ತದೆ. ಗರಗರ ಹಿಂದೆ ಸರಿದು ಮಿಮಿಯ ದನಿ ಮೇಲೇಳುತ್ತದೆ. ಅದೇ ಹಾಡು ಹಳೇ ಆಲ್ಬಂನಲ್ಲಿ ಇದ್ದಿದ್ದರೆ ಚೆನ್ನಾಗಿದೆ ಅಂದು ಮುಂದೆ ಹೋಗುತ್ತಿದ್ದೆ. ಇಲ್ಲಿ ಗಂಟಲು ಕಟ್ಟಿತು.

ಎಲ್ಲ ಹಾಡೂ ಇಷ್ಟವಾಯಿತು ಅನ್ನಲ್ಲ. ನಡುವಿನ ಕೆಲವು ಕಡೆ ಇವತ್ತಿಗೂ ಸ್ಕಿಪ್ ಒತ್ತುತ್ತೇನೆ.

2021ರ 'ಹೇ ವಾಟ್' ಹೊತ್ತಿಗೆ ಗಂಡ ಹೆಂಡತಿ ಇಬ್ಬರೇ ಉಳಿದಿದ್ದರು. ಅದರಲ್ಲಿ ಗರಗರ ಇನ್ನೂ ಜಾಸ್ತಿ. ತಮಾಷೆ ಅಂದರೆ, ಅದು ಗ್ರ್ಯಾಮಿಗೆ ನಾಮನಿರ್ದೇಶನ ಆಗಿದ್ದು ಅತ್ಯುತ್ತಮ ಧ್ವನಿ ಎಂಜಿನಿಯರಿಂಗ್ ವಿಭಾಗದಲ್ಲಿ! ನಾನಿಲ್ಲಿ ಪಿನ್ನು ಊದುತ್ತಾ ಕೂತಿದ್ದೆ.

2022ರ ನವೆಂಬರಿನಲ್ಲಿ ಮಿಮಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ರಾತ್ರಿ 1994ರ ಮೊದಲ ಆಲ್ಬಂ ಕೇಳೋಣ ಅಂತ ಫೋನ್ ತೆಗೆದವನು ಹಾಕಿದ್ದು 'ಫ್ಲೈ'.